ಮೂಗಿನ ಬಾನೆಟ್ಟು

ಕುಂದಾಪುರ
೧೧ ಜೂನ್ ೨೦೨೫, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗ ರತನ್,

ಅಪ್ಪನ ಆಶೀರ್ವಾದ. ಹೇಗಿದ್ದೀಯ? ಮಳೆ ಹಿಡಿದ ಕೂಡಲೇ ನಿನಗೆ ಬರುವ ಒಣಕೆಮ್ಮು ಈ ಸಲವೂ ಬಂತೇ? ನೀನಿರುವ ರತ್ನಾಗಿರಿಯಲ್ಲೂ ನಮ್ಮಷ್ಟೇ ಮಳೆ ಎಂದು ಬೋಟಿನಲ್ಲಿ ದುಡಿಯುವ ನಮ್ಮ ಶೈಲೇಶ್ ಹೇಳಿದ. ಒದ್ದೆ ಬಟ್ಟೆಯಲ್ಲಿ ಕೆಲಸ ಮಾಡಬೇಡ. ರಾತ್ರಿ ಬಿಸಿನೀರಿಗೆ ಎರಡು ಕಾಳುಮೆಣಸು ಜಜ್ಜಿ ಹಾಕಿ ಕುಡಿ. ಇಲ್ಲಿ ಅಮ್ಮನಿಗೆ ಮೊಣಕಾಲು ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ಬೋಟುಗಳೆಲ್ಲ ದಡಕ್ಕೆ ಬಂದು ಹಸಿಮೀನು ಇಲ್ಲದ್ದರಿಂದ ಬುಟ್ಟಿಯಲ್ಲಿ ಒಣಮೀನು ಇಟ್ಟುಕೊಂಡು ಮಾರಲು ಹೋಗುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ನನಗೆ ಸಕ್ಕರೆ ಸ್ವಲ್ಪ ಜಾಸ್ತಿಯಾಗಿದೆ, ಗುಳಿಗೆ ನುಂಗುತ್ತಿದ್ದೇನೆ. ನಿನ್ನ ತಂಗಿ ನವ್ಯಶ್ರೀ ಉಪ್ಪುಂದದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಸುಜನ್ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ.

ನಿನ್ನ ವಿಳಾಸ ಕೊಟ್ಟವನು ಶೈಲೇಶನೇ. ಅವನ ಮೇಲೆ ಸಿಟ್ಟಾಗಬೇಡ. ಮೀನುಗಾರಿಕೆಗೆ ರಜೆ ಬಿದ್ದದ್ದರಿಂದ ಬೋಟು ಕಟ್ಟಿ ಊರಿಗೆ ಬಂದವನು, ಮರುದಿನವೇ ಮನೆಗೆ ಬಂದು ನಿನ್ನನ್ನು ಬಂದರಿನ ಹತ್ತಿರದ ಟಯರ್ ಅಂಗಡಿಯಲ್ಲಿ ಕಂಡದ್ದನ್ನು ಹೇಳಿದ. ಹತ್ತು ತಿಂಗಳು ಕಳೆದ ಮೇಲೆ ನಿನ್ನ ಸುದ್ದಿ ಸಿಕ್ಕಿತೆಂದು ಅಮ್ಮ ಅವನಿಗೆ ಊಟ ಬಡಿಸಿದಳು, ಪಕ್ಕದಲ್ಲೇ ಕೂತು ನೀನು ಬಡವಾಗಿದ್ದೀಯಾ, ಗಡ್ಡ ಬಿಟ್ಟಿದ್ದೀಯಾ ಎಂದೆಲ್ಲ ಕೇಳಿದಳು. ನಾನು ಕೇಳಿದ್ದು ಒಂದೇ, ಕೆಲಸ ಎಂಥದ್ದು ಎಂದು. ಅವನು ಊಟದ ತಟ್ಟೆ ನೋಡುತ್ತ ಹೇಳಿದ: "ಪಂಕ್ಚರ್ ಹಾಕ್ತ ಮಾವ, ಬೇರೆಂತ ಮುಟ್ಟೂದಿಲ್ಲೆ. ಅಂಗ್ಡಿ ಸೇಟ್ ಎಂಜಿನ್ ಕೆಲ್ಸ ಕೊಟ್ರೆ, ನನ್ ಕೈಗ್ ಬಿಗಿ ಮಾಡೂಕ್ ಬತ್ತಿಲ್ಲೆ ಅಂತ." ಅಮ್ಮನಿಗೆ ಆ ಮಾತಿನ ಅರ್ಥ ಆಗಲಿಲ್ಲ. ನನಗೆ ಆಯಿತು. ಅವತ್ತಿನಿಂದ ಈ ಕಾಗದ ಬರೆಯಲು ಕೂತಿದ್ದೇನೆ. ಮೂರು ಸಲ ಬರೆದು ಹರಿದೆ. ಫೋನ್ ಮಾಡಿದರೆ ನೀನು ಇಟ್ಟುಬಿಡುತ್ತೀಯ, ಇಡದಿದ್ದರೂ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ.

ಆ ಬಾನೆಟ್ಟಿನಿಂದಲೇ ಶುರು ಮಾಡುತ್ತೇನೆ. ಹೋದ ವರ್ಷ ಏಪ್ರಿಲಿನಲ್ಲಿ ನೀನು ಅದನ್ನು ಮಂಗಳೂರಿನ ಗುಜರಿಯಿಂದ ಟೆಂಪೋದ ಮೇಲೆ ಹಾಕಿಸಿಕೊಂಡು ಬಂದೆ. ನಿನ್ನ ಬೂದು ಕಾರಿನದೇ ವೇಗದ ಮಾದರಿಗೆ ಕಂಪನಿಯವರೇ ಮಾಡಿದ್ದು, ಕೆಂಪು ಬಣ್ಣ, ನಡುವೆ ಗಾಳಿ ನುಂಗುವ ಉಬ್ಬಿದ ಬಾಯಿ. ಜೊತೆಗೆ ಅದಕ್ಕೆ ಸೇರುವ ದೊಡ್ಡ ಗಾಳಿಪೆಟ್ಟಿಗೆ. ನಾನು ನಮ್ಮ ಗ್ಯಾರೇಜಿನಲ್ಲಿ ನಾಲ್ಕು ಜನರ ಎದುರಿಗೆ, "ಎಂತಕಾ ಈ ಮೂಗ್? ಕಾರಿಗ್ ನೆಗಡಿ ಆಯ್ತಾ?" ಎಂದು ನಗಾಡಿದೆ. ಎಲ್ಲರೂ ನಕ್ಕರು. ನೀನೂ ನಕ್ಕೆ, ಆದರೆ ಕಿವಿ ಕೆಂಪಾಗಿತ್ತು. ಅವತ್ತಿನಿಂದ ಕೇರಿಯಲ್ಲೆಲ್ಲ ಅದಕ್ಕೆ ಮೂಗಿನ ಬಾನೆಟ್ಟು ಎಂದೇ ಹೆಸರಾಯಿತು. ನಿನ್ನ ಕೆಲಸಕ್ಕೆ ಹೆಸರಿಡುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ನಾನು ಗಂಗೊಳ್ಳಿಯಲ್ಲಿ ಬೋಟಿನ ಎಂಜಿನ್ ಬಿಚ್ಚಿ ಕಲಿತವನು, ಪುಸ್ತಕ ನೋಡಿದವನಲ್ಲ. ನೀನು ಮೊಬೈಲಿನಲ್ಲಿ ನಕ್ಷೆ ನೋಡಿ ಅಳೆದು, ಬರೆದುಕೊಂಡು ಕೆಲಸ ಮಾಡುವವನು. ನಿನ್ನ ಕೈ ನನ್ನದಕ್ಕಿಂತ ಚೊಕ್ಕ ಎಂದು ನನಗೆ ಗೊತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ.

ಬಾನೆಟ್ಟು ಹಿಂಜಿಗೆ ಸರಿಯಾಗಿ ಕೂತಿತು. ಗಾಳಿಪೆಟ್ಟಿಗೆಯ ಬೋಲ್ಟು ಮಾತ್ರ ಅರ್ಧ ಇಂಚು ಆಚೆ ಬರುತ್ತಿತ್ತು, ಅದಕ್ಕೆ ನೀನೇ ಪಟ್ಟಿ ಕತ್ತರಿಸಿ ಬ್ರಾಕೆಟ್ ಮಾಡಿದೆ. ಬಾನೆಟ್ಟಿನ ಬಾಯಿಗೆ ಎರಡು ಬಾಲ್ದಿ ನೀರು ಹೊಯ್ದು, ಪೆಟ್ಟಿಗೆಗೆ ಇಳಿಯದೆ ಕೆಳಗೆ ಹರಿದುಹೋಗುವುದನ್ನು ನನಗೆ ತೋರಿಸಿದೆ. ಆ ಪೆಟ್ಟಿಗೆಗೆ ಇನ್ನೊಂದು ಬಾಯಿ ತೀರ ಕೆಳಗೆ, ಬಂಪರಿನ ಹಿಂದೆ ಇತ್ತಲ್ಲ, ಅದು ನಮ್ಮೂರ ಮಳೆಗೆ ಆಗುವುದಿಲ್ಲ ಎಂದು ಹೇಳಿದವನೂ ನೀನೇ. ನಾನಲ್ಲ. ರಸ್ತೆಯ ನೀರು ಅಲ್ಲಿಂದ ಒಳಗೆ ಹೋದರೆ ಎಂಜಿನ್ನಿನ ಪಿಸ್ಟನ್ ಕಡ್ಡಿ ಬಾಗಿ ಎಂಜಿನ್ನೇ ನಿಂತುಬಿಡುತ್ತದೆ ಎಂದು ಆ ಬಾಯಿಗೆ ರಬ್ಬರ್ ಪೈಪು ಸೇರಿಸಿ, ತುದಿಯನ್ನು ಹೆಡ್‌ಲೈಟಿಗಿಂತ ಮೇಲಕ್ಕೆ ಎತ್ತಿ ಕಟ್ಟಿದೆ. ಪೈಪು ಸೇರುವ ಜಾಗಕ್ಕೆ ಸ್ಕ್ರೂ ತಿರುಗಿಸಿ ಬಿಗಿಯುವ ಒಂದು ಸ್ಟೀಲಿನ ಪಟ್ಟಿ, ಕ್ಲಾಂಪು. ನಾನು ಎರಡು ದಿನ ಆಚೀಚೆ ಸುಳಿದಾಡಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಜುಲೈ ಹನ್ನೊಂದು, ಗುರುವಾರ. ಸಂಕ್ರಮಣ ಕಳೆದು ಆಸಾಡಿ ತಿಂಗಳು ಹಿಡಿಯುವ ಮುಂಚೆ ನವ್ಯಳನ್ನು ಬಾಣಂತನಕ್ಕೆ ಕರೆದುಕೊಂಡು ಬರಬೇಕೆಂದು ನೀನು, ನಾನು, ಅಮ್ಮ ಉಪ್ಪುಂದಕ್ಕೆ ಹೋದೆವು. ಅವಳಿಗೆ ಎಂಟು ತಿಂಗಳು. ಸುಜನನ ತಾಯಿ ಕೆಸುವಿನ ಪತ್ರೊಡೆ ಮಾಡಿದ್ದರು, ನವ್ಯ ಎರಡು ತಿಂದಳು. ನಗುನಗುತ್ತಲೇ ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಳು. ಮರವಂತೆ ದಾಟುವಾಗ ಹೊಟ್ಟೆ ಹಿಡಿಯುತ್ತದೆ ಎಂದಳು. ತ್ರಾಸಿ ಬರುವಾಗ ಸೀಟು ರಕ್ತವಾಗಿತ್ತು. ಮುಂದೆ ಹೈವೇಯಲ್ಲಿ ಮರ ಬಿದ್ದು ಲಾರಿಗಳು ಸಾಲಾಗಿ ನಿಂತಿದ್ದವು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಅದೂ ಆ ಮರದ ಆಚೆ ಬದಿಯಲ್ಲಿ ಸಿಕ್ಕಿಬೀಳುವುದೇ ಆಗಿತ್ತು. ಗದ್ದೆಯ ನಡುವೆ ಒಳದಾರಿ ಇದೆ ಎಂದು ಯಾರೋ ಕೈ ತೋರಿಸಿದರು. ನೀನು ಕಾರು ತಿರುಗಿಸಿ, ನೀರು ಕಂಡ ಕೂಡಲೇ ಬ್ರೇಕ್ ಹಾಕಿ ನನ್ನ ಮುಖ ನೋಡಿದೆ. "ಅಪ್ಪಾ, ಬಂಪರ್ ಮುಟ್ಟ ಇತ್ತ್ ನೀರ್. ಹೋಪನಾ?" ಎಂದೆ. ಹೋಗು ಎಂದವನು ನಾನು. "ಹೋಗ್ ಹೋಗ್, ಪೈಪ್ ಮೇಲ್ ತಂದಿದ್ಯಲ" ಎಂದೆ. ನಿನ್ನ ಕೆಲಸದ ಮೇಲೆ ನಂಬಿಕೆಯಿಟ್ಟು ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ಅರ್ಧ ದಾಟಿದಾಗ ಠಕ್ ಎಂದು ಒಂದೇ ಸದ್ದು ಬಂತು. ಎಂಜಿನ್ ನಿಂತಿತು. ನೀನು ಇಳಿದು ಮಳೆಯಲ್ಲೇ ಬಾನೆಟ್ಟು ಎತ್ತಿದೆ. ಪೈಪು ಕಳಚಿ ಪಕ್ಕಕ್ಕೆ ವಾಲಿತ್ತು, ಕೆಳಗಿನ ಬಾಯಿ ನೀರಿನಲ್ಲಿ ಮುಳುಗಿತ್ತು, ಕ್ಲಾಂಪು ಸಡಿಲವಾಗಿ ಪೈಪಿನಲ್ಲಿ ನೇತಾಡುತ್ತಿತ್ತು. ಗದ್ದೆ ಕೆಲಸದ ಹೆಂಗಸರು, ಗಂಡಸರು ಓಡಿಬಂದಿದ್ದರು. ಅಷ್ಟೂ ಜನರ ಎದುರು ನಾನು ನಿನ್ನ ರಟ್ಟೆ ಹಿಡಿದು, "ಕ್ಲಾಂಪ್ ಬಿಗಿ ಮಾಡ್ಲಿಲ್ಯಾ ನೀನ್?" ಎಂದು ಕೇಳಿದೆ. ನೀನು ಬಗ್ಗಿ ಆ ಕ್ಲಾಂಪಿಗೆ ಕೈ ಹಾಕಿದೆ. ಅವರೆಲ್ಲ ಸೇರಿ ಕಾರನ್ನು ಮೇಲಕ್ಕೆ ತಳ್ಳಿ, ಒಂದು ಮೀನಿನ ಟೆಂಪೋ ತರಿಸಿ, ಐಸಿನ ಪೆಟ್ಟಿಗೆಗಳನ್ನು ಕೆಳಗಿಳಿಸಿ ನವ್ಯಳನ್ನು ಮಲಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಹೆಣ್ಣು ಮಗು, ಉಳಿಯಲಿಲ್ಲ. ಅರ್ಧ ಗಂಟೆ ಮುಂಚೆ ಬಂದಿದ್ದರೆ ಉಳಿಸಬಹುದಿತ್ತೇನೋ ಎಂದರು ಡಾಕ್ಟರು. ನವ್ಯಳಿಗೆ ಇನ್ನು ಮಕ್ಕಳಾಗುವುದು ಕಷ್ಟ ಎಂದೂ ಹೇಳಿದರು. ಮರುದಿನ ಆಸ್ಪತ್ರೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿಕೊಂಡೇ, "ಅಣ್ಣ ನನ್ ಕಣ್ಣೆದ್ರ್ ಬಪ್ಪುಕಾಗ" ಎಂದದ್ದು ನಿನಗೆ ಬಾಗಿಲಲ್ಲಿ ಕೇಳಿಸಿತು.

ರತನ್, ಕ್ಲಾಂಪು ಸಡಿಲ ಬಿಟ್ಟವನು ನಾನು.

ಆ ಸೋಮವಾರ, ಎಂಟನೇ ತಾರೀಕು, ನೀನು ಬಿಡಿಭಾಗ ತರಲು ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೋಗಿದ್ದೆ. ಗ್ಯಾರೇಜಿನಲ್ಲಿ ನಾನೊಬ್ಬನೇ ಇದ್ದೆ. ನಿನ್ನ ಕಾರಿನ ಬಾನೆಟ್ಟು ಎತ್ತಿ ನೋಡಿದೆ. ನೀನು ಎದುರಿಗಿದ್ದರೆ ಹಾಗೆ ನೋಡಲು ನನಗೆ ಸಾಧ್ಯವಿರಲಿಲ್ಲ. ಬ್ರಾಕೆಟ್ಟಿನ ಅಂಚನ್ನು ನೀನು ಅರ ಹಾಕಿ ಉಜ್ಜಿ ನುಣುಪು ಮಾಡಿದ್ದೆ. ಅದನ್ನು ಬೆರಳಿನಿಂದ ಸವರಿ ನೋಡಿದೆ. ಪೈಪನ್ನು ಹೇಗೆ ಕೂರಿಸಿದ್ದೀಯ ಎಂದು ನೋಡುವ ಆಸೆಯಾಗಿ ಕ್ಲಾಂಪು ಬಿಚ್ಚಿದೆ. ನೋಡಿ ಖುಷಿಪಟ್ಟೆ, ಇದು ಸತ್ಯ. ತಿರುಗಿ ಪೈಪು ಸೇರಿಸಿ, ಕ್ಲಾಂಪನ್ನು ಕೈಯಲ್ಲಿ ತಿರುಗಿಸಿ ನಿಲ್ಲಿಸಿ, ಸ್ಕ್ರೂ ಡ್ರೈವರ್ ತೆಗೆದುಕೊಳ್ಳಲು ಒಳಗೆ ಹೋದೆ. ಅಷ್ಟರಲ್ಲಿ ರಿಕ್ಷಾದ ಕ್ಲಚ್ ವಯರ್ ತುಂಡಾಗಿದೆ ಎಂದು ಒಬ್ಬ ಬಂದು ಕರೆದ. ಅವನ ಜೊತೆ ರಸ್ತೆಗೆ ಹೋದೆ. ತಿರುಗಿ ಬಂದಾಗ ಮಳೆ ಹನಿಯುತ್ತಿತ್ತು, ಬಾನೆಟ್ಟು ಮುಚ್ಚಿದೆ. ಬಿಗಿ ಮಾಡಿದೆನೋ ಇಲ್ಲವೋ ಎಂಬ ಯೋಚನೆಯೂ ಬರಲಿಲ್ಲ.

ನಿನ್ನ ಮನಸ್ಸು ಹಗುರ ಮಾಡಲು ಅಪ್ಪ ಸುಳ್ಳು ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಅದಕ್ಕೇ ಒಂದು ವಿಷಯ ಹೇಳುತ್ತೇನೆ, ನೆನಪು ಮಾಡಿಕೊ. ಕ್ಲಾಂಪಿನ ಸ್ಕ್ರೂ ಯಾವಾಗಲೂ ಮೇಲ್ಮುಖವಾಗಿರಬೇಕು, ಡ್ರೈವರ್ ನೇರ ಸಿಗಬೇಕು ಎನ್ನುವುದು ನಿನ್ನ ಕ್ರಮ. ಉಪ್ಪುನೀರು ನಿಲ್ಲಬಾರದೆಂದು ಸ್ಕ್ರೂವನ್ನು ಅಡಿಗೆ ತಿರುಗಿಸುವುದು ಬೋಟಿನಲ್ಲಿ ಕಲಿತ ನನ್ನ ಅಭ್ಯಾಸ. ಈ ವಿಷಯಕ್ಕೆ ನಾವಿಬ್ಬರೂ ಎಷ್ಟು ಸಲ ಜಗಳ ಮಾಡಿಲ್ಲ. ಅವತ್ತು ಗದ್ದೆಯ ನೀರಿನಲ್ಲಿ ನಿಂತು ನೀನು ಕ್ಲಾಂಪಿಗೆ ಕೈ ಹಾಕಿದಾಗ ಸ್ಕ್ರೂ ಯಾವ ಕಡೆಗಿತ್ತು? ಅಡಿಗಿತ್ತು. ನೀನು ತಡಕಾಡಿ ತಿರುಗಿಸಿದ್ದನ್ನು ನಾನು ಕಂಡಿದ್ದೇನೆ. ನೀನು ಕಟ್ಟಿದ ಕ್ಲಾಂಪು ಆಗಿದ್ದರೆ ಹಾಗಿರುತ್ತಿರಲಿಲ್ಲ.

ನಿನ್ನನ್ನು ಬೈದಾಗ ನನಗೆ ನಿಜವಾಗಿಯೂ ನೆನಪಿರಲಿಲ್ಲ. ಆ ಸಂಜೆ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಎಲ್ಲವೂ ಒಟ್ಟಿಗೆ ನೆನಪಾಯಿತು, ರಿಕ್ಷಾದವನ ಮುಖದ ಸಮೇತ. ನೀನು ಕಂಬಕ್ಕೆ ಒರಗಿ ನಿಂತಿದ್ದೆ. ನನ್ನಿಂದ ಆರು ಹೆಜ್ಜೆ ದೂರ. ಎದ್ದು ಬಂದು ಹೇಳಬಹುದಿತ್ತು. ಮಗುವನ್ನು ಮಣ್ಣು ಮಾಡುವ ಕೆಲಸ ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ನವ್ಯ ಏಳಲಿ ಎಂದುಕೊಂಡೆ. ಅಷ್ಟರಲ್ಲಿ ಊರೆಲ್ಲ ನಿನ್ನ ಹೆಸರು ಹೇಳಿಯಾಗಿತ್ತು. ನಾಲ್ಕನೇ ದಿನ ಆ ಕ್ಲಾಂಪನ್ನು ಕಿತ್ತು ಸೇತುವೆಯ ಮೇಲಿನಿಂದ ಹೊಳೆಗೆ ಎಸೆದೆ. ಹನ್ನೊಂದನೇ ದಿನ ನೀನು ಬ್ಯಾಗು ಹಿಡಿದು ಹೋದಾಗ ಅಮ್ಮ ಬೊಬ್ಬೆ ಹೊಡೆದು ಅತ್ತಳು. ನನಗೆ ನೆಮ್ಮದಿಯಾಯಿತು. ನಿನ್ನ ಮುಖ ನೋಡುವುದು ತಪ್ಪಿತು ಎಂಬ ನೆಮ್ಮದಿ. ನನ್ನ ಬಗ್ಗೆ ಇದಕ್ಕಿಂತ ಕೆಟ್ಟದ್ದು ನನಗೇ ಗೊತ್ತಿಲ್ಲ.

ನೀನು ಎಲ್ಲೋ ದೊಡ್ಡ ಗ್ಯಾರೇಜಿನಲ್ಲಿ ಚೆನ್ನಾಗಿದ್ದೀಯ, ಕಾಲ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಶೈಲೇಶನ ಮಾತು ಕೇಳಿದ ಮೇಲೆ ಅದೂ ಆಗುವುದಿಲ್ಲ. ನಿನ್ನ ಕೈಯಲ್ಲಿ ತಪ್ಪಿಲ್ಲ. ಪುನಃ ಹೇಳುತ್ತೇನೆ, ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ. ಆ ನೀರಿನಲ್ಲಿ ಆ ಕಾರು ದಾಟಬೇಕಿತ್ತು, ದಾಟುವ ಹಾಗೆಯೇ ನೀನು ಮಾಡಿದ್ದೆ. ನಾಳೆಯೇ ಸೇಟಿನ ಹತ್ತಿರ ಎಂಜಿನ್ ಕೆಲಸ ಕೇಳು.

ಅಮ್ಮನಿಗೂ ನವ್ಯಳಿಗೂ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕಿತ್ತು. ಕ್ಷಮಿಸು ಎಂದು ಕೇಳುವುದಿಲ್ಲ, ಅದು ನಿನಗೆ ಮತ್ತೊಂದು ಹೊರೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ನಿನ್ನ ಕೆಲಸ ನಿನಗೆ ದಕ್ಕಲಿ, ಅದನ್ನು ನಿನ್ನಿಂದ ಯಾರೂ ಕಿತ್ತುಕೊಳ್ಳದಿರಲಿ.

ನಿನ್ನ ಅಪ್ಪ,
ಪ್ರೇಮಾನಂದ

ತಾ.ಕ.: ಶುಕ್ರವಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ಸ್ಪೀಡ್ ಪೋಸ್ಟಿನ ಹೊತ್ತು ಮುಗಿಯುತ್ತ ಬಂತು. ಬುಧವಾರ ಮಧ್ಯಾಹ್ನ ಈ ಕಾಗದವನ್ನು ಅಮ್ಮನ ಎದುರಿಗೆ ಕೂತು ಓದಿ ಹೇಳಿದೆ. ಅವಳು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ನವ್ಯಳ ಮನೆಗೆಂದು ಬೈಂದೂರಿನ ಬಸ್ಸು ಹತ್ತಿದಳು. ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ ನವ್ಯ ಫೋನ್ ಮಾಡಿ ನಿನ್ನ ವಿಳಾಸ ಕೇಳಿದಳು. ಬರೆದುಕೊಂಡ ಮೇಲೆ, "ನೀವ್ ಬರ್ದ್ರೆ ಅಣ್ಣ ನಂಬೂದಿಲ್ಲೆ, ನಾನೇ ಹೋಯ್ ಹೇಳ್ತೆ. ನೀವ್ ನಮ್ ಮನಿಗ್ ಬಪ್ಪುದ್ ಬ್ಯಾಡ" ಎಂದು ಫೋನ್ ಇಟ್ಟಳು. ಇಪ್ಪತ್ತನೇ ತಾರೀಕು ಶುಕ್ರವಾರ ಅವಳೂ ಸುಜನನೂ ಬೈಂದೂರಿನಲ್ಲಿ ರೈಲು ಹತ್ತುತ್ತಾರಂತೆ. ಅವಳಿಗೆ ಈಗಲೂ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ರತ್ನಾಗಿರಿ ಸ್ಟೇಷನ್ನಿಗೆ ನೀನು ಮುಂಚಿತವಾಗಿಯೇ ಹೋಗಿರು.