ಒಂದೇ ಮೇಜಿಗೆ ಕೂತವರು

ಟೌರಂಗಾ
೧೪ ಜೂನ್ ೨೦೨೫

ಪ್ರೀತಿಯ ಗುರುದತ್ತಣ್ಣಾ,

ಹೇಗಿದ್ದೀಯಾ? ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತಿದ್ದೀಯಾ? ಅತ್ತಿಗೆಯ ಮಂಡಿನೋವು ಹೇಗಿದೆ? ಎರಡು ವರ್ಷದಿಂದ ಫೋನ್ ಎತ್ತದವನನ್ನು ಇದೆಲ್ಲ ಕೇಳಲು ಇವಳಿಗೆ ನಾಚಿಕೆಯಿಲ್ಲವೇ ಅಂದುಕೋ, ಪರವಾಗಿಲ್ಲ. ನಂಬರ್ ಬ್ಲಾಕ್ ಮಾಡಿದ್ದೀಯ, ಕಾಗದವನ್ನು ಹೇಗೆ ಮಾಡ್ತೀಯೋ ನೋಡುತ್ತೇನೆ. ನಾನು ಚೆನ್ನಾಗಿದ್ದೇನೆ. ಈ ಪರದೇಶದಲ್ಲಿ ಈಗ ಚಳಿಗಾಲ. ಚಳಿ, ಮಳೆ, ಕೆಲಸ, ಮನೆ. ನಿನ್ನೆ ಸಾರು ಉಕ್ಕಿತು, "ಅಯ್ಯೋ ನಿನ್ ಮನೆ ಹಾಳಾಗ!" ಅಂತ ಬೈದೆ. ಈ ವಾರ ನಾನು ಬಾಯಿಬಿಟ್ಟು ಆಡಿದ ಕನ್ನಡ ಅಷ್ಟೇ, ಅದೂ ಪಾತ್ರೆಯ ಜೊತೆ. ಒಂಟಿತನ ಅಂದರೆ ಇದೇ ಇರಬೇಕು.

ನಾನು ನರ್ಸ್ ಆಗಿರುವ ವೃದ್ಧಾಶ್ರಮದಲ್ಲಿ ಅಸುಂತಾ ಎಂಬ ಇಟಲಿಯ ಅಜ್ಜಿ ಇದ್ದಾಳೆ, ತೊಂಬತ್ತೊಂದು ವರ್ಷ, ಮಹಾ ಜೋರು. ಮೊನ್ನೆ ಅವಳ ಮೊಮ್ಮಗಳು ಟ್ಯಾಬಿನಲ್ಲಿ ಯುದ್ಧಕಾಲದ ಹಳೇ ಫಿಲ್ಮು ಹಾಕಿಕೊಟ್ಟು ಹೋದಳು. ೧೯೪೪ನೇ ಇಸವಿ. ರೋಮ್ ಇನ್ನೂ ಜರ್ಮನರ ಕೈಯಲ್ಲಿ. ಅಜ್ಜಿಯ ಊರಿನ ಹತ್ತಿರದ ಸಲೆರ್ನೊದಲ್ಲಿ ರಾಜಕಾರಣಿಗಳು ತಾತ್ಕಾಲಿಕ ಸರ್ಕಾರ ಕಟ್ಟುತ್ತಿದ್ದಾರೆ. ಸದ್ದಿಲ್ಲ, ಬರೀ ಕಪ್ಪು ಬಿಳುಪು. ದೊಗಲೆ ಕೋಟಿನ ಮುದುಕರು ಒಬ್ಬೊಬ್ಬರಾಗಿ ಬರುತ್ತಾರೆ, ಟೋಪಿ ತೆಗೆಯುತ್ತಾರೆ, ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಮೇಜಿಗೆ ಕೂರುತ್ತಾರೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ ಅಂದಳು ಅಜ್ಜಿ. ರಾಜ ಇರಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಜಗಳವಂತೆ. ಕಡೆಗೆ, ಅದನ್ನು ಯುದ್ಧ ಮುಗಿದ ಮೇಲೆ ನೋಡೋಣ, ಈಗ ಕೂರೋಣ ಅಂದರಂತೆ. ಊಟದ ತಟ್ಟೆ ಹಿಡಿದು ನಿಂತಿದ್ದವಳು ಅಲ್ಲೇ ಅತ್ತುಬಿಟ್ಟೆ. ನಾನು ತನ್ನ ದೇಶಕ್ಕಾಗಿ ಅಳುತ್ತಿದ್ದೇನೆ ಅಂದುಕೊಂಡು ಅಜ್ಜಿ ನನ್ನ ಕೈ ಸವರಿದಳು, ಪಾಪ.

ಎರಡು ವರ್ಷದ ಹಿಂದೆ, ಡಾಕ್ಟರು ಪ್ರಯೋಜನವಿಲ್ಲ ಅಂದರೂ ಅಪ್ಪನಿಗೆ ವೆಂಟಿಲೇಟರ್ ಹಾಕಿಸು ಅಂತ ಇಲ್ಲಿಂದ ಹಠ ಹಿಡಿದವಳು ನಾನು. ಹನ್ನೊಂದು ದಿನ ಐಸಿಯು ಬಾಗಿಲಲ್ಲಿ ಕೂತವನು ನೀನು. ಅಪ್ಪ ಹೋದ ಮೇಲೆ ನೀನು, "ನೀನು ಅಲ್ಲಿ ಕೂತ್ಕೊಂಡು ಆರ್ಡರ್ ಮಾಡ್ದೆ, ಅಪ್ಪ ನರಳಿದ್ದು ನೋಡ್ದೋನು ನಾನು" ಅಂದೆ. ನಾನೇನು ಕಮ್ಮಿಯೇ? "ಅಪ್ಪ ಬದುಕೋದು ನಿಂಗೆ ಬೇಕಿರ್ಲಿಲ್ಲ" ಅಂದುಬಿಟ್ಟೆ. ಯಾರದು ಸರಿ ಅನ್ನುವುದನ್ನು ಆಮೇಲೆ ನೋಡೋಣ ಕಣೋ ಅಣ್ಣಾ. ಮೊದಲು ಮಾತಾಡೋಣ. ಅತ್ತಿಗೆ ಮಾಡಿದ ಹುಳಿಗೆ ಉಪ್ಪು ಜಾಸ್ತಿಯಾಯಿತು ಅನ್ನು, ಏನಾದರೂ ಸರಿ.

ಅತ್ತಿಗೆಗೆ ನಮಸ್ಕಾರ, ಕೃತಿಗೆ ಅತ್ತೆಯ ಮುತ್ತು.

ನಿನ್ನ ತಂಗಿ,
ಲಾಸ್ಯಾ

ತಾ.ಕ.: ಪೋಸ್ಟ್ ಮಾಡಲು ಬಂದು, ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಆಮೇಲೆ ನೋಡೋಣ ಅಂದೆನಲ್ಲ, ನನ್ನ ಕೈಲಾಗದು. ನೀನು ದಿನಾ ಅಪ್ಪನ ರಿಪೋರ್ಟಿನ ಫೋಟೋ ಕಳಿಸುತ್ತಿದ್ದೆ. ಮೂರನೇ ದಿನದ್ದನ್ನು ಓದಿದಾಗಲೇ ನನಗೆ ಗೊತ್ತಾಗಿತ್ತು, ಅಪ್ಪ ಉಳಿಯುವುದಿಲ್ಲ ಅಂತ. ವೆಂಟಿಲೇಟರ್ ತೆಗೆಸಿಬಿಡು ಅನ್ನಲು ಬಾಯಿ ಬರಲಿಲ್ಲ. ಉಳಿದ ಎಂಟು ದಿನ ಅಪ್ಪ ನರಳಿದ್ದು ನನ್ನಿಂದ, ಅಣ್ಣಾ.