ಅಪ್ಪನ ಎಡೆಗೆ ಶರಬತ್ತು

ಕಾನಹೊಸಹಳ್ಳಿ
18-9-2003

ಪ್ರೀತಿಯ ಮಗ ಬೀರಲಿಂಗೇಶನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಕೈ ನಡುಗುವುದು ನಿಂತಿತೇ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಅಕ್ಕನ ಮನೆಯೆಂದು ನಾಚಿಕೊಳ್ಳುತ್ತೀಯೋ? ನೀನು ಹರಪನಹಳ್ಳಿಗೆ ಹೋಗಿ ಐದು ತಿಂಗಳಾಯಿತು, ಒಂದು ಹನಿ ಸಾರಾಯಿ ಮುಟ್ಟಿಲ್ಲ ಎಂದು ಹಂಪಮ್ಮ ಬರೆದಿದ್ದಳು. ಓದಿ ಅತ್ತುಬಿಟ್ಟೆ. ಇಲ್ಲಿ ಕುರಿಗಳು ಚೆನ್ನಾಗಿವೆ. ನಿನ್ನ ಕರಿ ಮೇಕೆ ಎರಡು ಮರಿ ಹಾಕಿದೆ, ಎರಡೂ ತಾಯಿಯಂತೆ ಕಿಲಾಡಿಗಳು.

ಅಮಾವಾಸ್ಯೆಗೆ, ಹಿರಿಯರ ಹಬ್ಬಕ್ಕೆ ಬರುವುದಿಲ್ಲ ಎಂದು ನೀನು ಬರೆದ ಕಾಗದವೂ ಮುಟ್ಟಿತು. ಯಾಕೆಂದು ಬರೆದಿಲ್ಲ, ಆದರೆ ನನಗೆ ತಿಳಿಯದೇನೋ? ನಿಮ್ಮಪ್ಪ ಹೋದ ಮೇಲೆ ನಾಲ್ಕು ವರ್ಷ ಅವರ ಎಡೆಗೆ ಹೋಳಿಗೆ, ಬೀಡಿ ಕಟ್ಟಿನ ಜೊತೆ ಒಂದು ಲೋಟ ಸಾರಾಯಿ ಇಟ್ಟೆವು. ಎಡೆಯಲ್ಲಿಟ್ಟದ್ದನ್ನು ಮಗನೇ ಮೊದಲು ಬಾಯಿಗೆ ಹಾಕಬೇಕೆಂಬುದು ನಮ್ಮ ಮನೆಯ ಪದ್ಧತಿ. ಮೊದಲ ವರ್ಷ ನೀನು ಒಲ್ಲೆ ಒಲ್ಲೆ ಎಂದರೂ "ಅಪ್ಪನ ಪ್ರಸಾದ ಐತಿ, ಕುಡಿಯೋ" ಎಂದು ಕೈಗೆ ಲೋಟ ಕೊಟ್ಟವಳು ನಾನೇ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ. ನೀನು ಕುಡಿಯಲು ಕಲಿತದ್ದು ಆವತ್ತಿನಿಂದ.

ಈ ಸಲ ಎಡೆಗೆ ನಿಂಬೆಹಣ್ಣಿನ ಶರಬತ್ತು ಎಂದು ಹೇಳಿದೆ ನೋಡು, ನಿಮ್ಮ ದೊಡ್ಡಪ್ಪ ಗಾದೆಪ್ಪನವರು ಕೂತಲ್ಲಿಂದ ಎದ್ದೇಬಿಟ್ಟರು. "ನನ್ನ ತಮ್ಮ ಹುಳಿನೀರು ಕುಡಿಯಾಕ ಬರ್ತಾನೇನಮ್ಮಾ? ಸಿಟ್ಟು ಮಾಡ್ಕೆಂಡು ವಾಪಸ್ ಹೊಕ್ಕಾನ!" ನಾನೂ ಬಿಡಲಿಲ್ಲ. "ಭಾವಾ, ಕಡೀ ದಿನ ಅವರು ಏನು ಕೇಳಿದ್ರು ನೆನಪೈತೇನ್ರಿ? ಸಾರಾಯಿ ಕೇಳಲಿಲ್ರಿ, ಶರಬತ್ತು ಕೇಳಿದ್ರು. ನಾನೇ ಚಮಚದಾಗ ಕುಡಿಸೀನಿ" ಎಂದೆ. ಅವರು ಟವೆಲ್ಲು ಕೊಡವಿಕೊಂಡು ಹೊರಟುಹೋದರು. ಮರುದಿನ ಕೂಡ್ಲಿಗಿಯಿಂದ ಒಂದು ಚೀಲ ನಿಂಬೆಹಣ್ಣು ತಂದು ಕಟ್ಟೆಯ ಮೇಲಿಟ್ಟರು.

ಮೊದಲು ಮಾಡಿದ್ದನ್ನು ಕೇಳಬೇಡ. ಸಿಪ್ಪೆ ಚಪ್ಪಟೆಯಾಗುವ ತನಕ ಹಿಂಡಿದೆ, ಬೀಜವನ್ನೂ ಬಿಟ್ಟೆ, ಕಹಿ ಅಂದರೆ ಕಹಿ! ಈಗ ಕಲಿತಿದ್ದೇನೆ. ಗಡಿಗೆಯ ತಣ್ಣನೆಯ ನೀರಲ್ಲಿ ಬೆಲ್ಲ ಕರಗಿಸಿ ಸೋಸುತ್ತೇನೆ, ಚಿಟಿಕೆ ಉಪ್ಪು ಹಾಕುತ್ತೇನೆ, ಹಣ್ಣು ಮೆಲ್ಲಗೆ ಹಿಂಡಿ ಬೀಜ ತೆಗೆದ ರಸವನ್ನು ಕೊನೆಗೆ ಬೆರೆಸುತ್ತೇನೆ. ನಿಮ್ಮಪ್ಪನಿಗೆ ಗಂಟಲು ಚುರ್ ಅನ್ನದಿದ್ದರೆ ಸಮಾಧಾನವಿರಲಿಲ್ಲವಲ್ಲ, ಅದಕ್ಕೇ ಹಸಿಶುಂಠಿ, ನಾಲ್ಕು ಕಾಳು ಮೆಣಸು ಜಜ್ಜಿ ಹಾಕಿದೆ. ನಿಮ್ಮ ದೊಡ್ಡಪ್ಪ ಒಂದು ಗುಟುಕು ಕುಡಿದು ಕೆಮ್ಮಿ, ಕಣ್ಣೊರೆಸಿಕೊಂಡು, "ಹಾಂ, ಇದಕ್ಕಾದ್ರೆ ಬರ್ತಾನ ನೋಡು ನನ್ನ ತಮ್ಮ" ಎಂದರು. ಮತ್ತೆ ಇನ್ನೊಂದು ಲೋಟ ಕೇಳಿದರು.

ಹಂಪಮ್ಮನಿಗೂ ಅಳಿಯಂದಿರಿಗೂ ಕೇಳಿದೆನೆಂದು ಹೇಳು. ಮನೆದೇವರು ಬೀರಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ತಿಪ್ಪೇರುದ್ರಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಬಾರದಿದ್ದರೆ ಎಡೆಯ ಲೋಟವನ್ನು ತಾವೇ ಕುಡಿಯುವುದಾಗಿ ದೊಡ್ಡಪ್ಪ ಹೇಳಿದರು. ಬೇಡ ಎಂದೆ. ಆವತ್ತು ನಿನಗೆ ಸಾರಾಯಿ ಕೊಟ್ಟದ್ದು ನನ್ನ ಕೈ, ಶರಬತ್ತನ್ನೂ ಆ ಕೈಯೇ ಕೊಡಬೇಕು. ನೀನು ಬರುವ ತನಕ ಆ ಲೋಟವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಬಾ ಮಗನೇ.