ಫಲಕದ ಮೇಲಿನ ಒಂದು ಸಾಲು

ಮಂಗಳವಾರ, ಮಾರ್ಚ್ ೧೨

ಗ್ರಂಥಾಲಯದ ಬಾಗಿಲಿಗೆ ಹಾಕುವ ಫಲಕದ ಒಂದು ಸಾಲಿಗಾಗಿ ಇಂದು ನಮ್ಮ ಕಾಲೇಜಿನ ಸಮಿತಿ ಮಧ್ಯಾಹ್ನವಿಡೀ ಕಾದಾಡಿತು. ಗ್ರಂಥಪಾಲಕನಾಗಿದ್ದ ನಮ್ಮಣ್ಣನೂ ಎಂಟು ವಿದ್ಯಾರ್ಥಿಗಳೂ ಗುಂಡಿಗೆ ಬಲಿಯಾದದ್ದು ಆ ಬಾಗಿಲ ಒಳಗೆ.

"ಬಂದೂಕು ತರಕಾರಿ ಥರ ಸಿಗದಿದ್ರೆ ಗುಂಡು ಹಾರಿಸಿದ ಆ ಹುಡುಗ ಏನ್ ಮಾಡ್ತಿದ್ದ? ಬಂದೂಕಿನ ಕಾನೂನಿನ ಮಾತು ಬರಲೇಬೇಕು" ಎಂದರು ಅರ್ಥಶಾಸ್ತ್ರದ ಮೇಷ್ಟ್ರು.

"ಅವನ ತಲೆಗೆ ವಿಷ ತುಂಬಿದ ಉಗ್ರವಾದಿಗಳನ್ನ ಬಿಟ್ಟು ಕಬ್ಬಿಣಕ್ಕೆ ಬೈತೀರಲ್ಲ ಸಾರ್" ಎಂದರು ಇತಿಹಾಸದ ಮೇಡಂ.

ಎರಡೂ ನಿಜ. ಆದರೆ ಒಬ್ಬರ ನಿಜ ಇನ್ನೊಬ್ಬರಿಗೆ ಅಜೀರ್ಣ.

ಕೊನೆಗೆ, ನಗೆಬರಹಗಾರನೆಂದು ಹೆಸರಾದ ನನ್ನ ಕೈಗೆ ಪೆನ್ನು ಕೊಟ್ಟರು. "ನಮ್ಮನ್ನು ಹಠಾತ್ತನೆ ಅಗಲಿದ ಒಂಬತ್ತು ಚೇತನಗಳ ನೆನಪಿಗೆ" ಎಂದು ಬರೆದೆ. ಎರಡು ಬಣಗಳೂ ಮೆಚ್ಚಿದವು. ಸಾಲಿಗೆ ಯಾವ ಬಣ್ಣವೂ ಇರಲಿಲ್ಲ. ಯಾರಿಗೂ ನೋವಾಗದಂತೆ ಬರೆದೆ ಎಂದು ಪ್ರಾಂಶುಪಾಲರು ಬೆನ್ನು ತಟ್ಟಿದರು.

ಸಂಜೆ ಅತ್ತಿಗೆಗೆ ಓದಿ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿಸಿಕೊಂಡರು.

"ಇದನ್ನ ಓದಿದೋರು ಒಂಬತ್ತು ಜನಕ್ಕೂ ಜ್ವರ ಬಂದಿತ್ತು ಅಂದ್ಕೊಳ್ತಾರೆ. ಯಾಕೆ ಹೊಡೆದ, ಬಂದೂಕು ಯಾರು ಕೊಟ್ರು ಅಂತ ನೀವು ಜಗಳ ಆಡ್ಕೊಳ್ಳಿ. ಗುಂಡೇಟಿನಿಂದ ಸತ್ತರು ಅಂತಾದ್ರೂ ಬರೀರಪ್ಪ."

ಮಾತನ್ನೇ ಕಸುಬು ಮಾಡಿಕೊಂಡ ನನ್ನ ಬಾಯಿಂದ ಬಂದದ್ದು ಇಷ್ಟೇ: "ಸಮಿತಿನ ಕೇಳಿ ಹೇಳ್ತೀನಿ ಅತ್ತಿಗೆ."

ಅಣ್ಣ ಹೇಗೆ ಸತ್ತ ಎಂದು ಬರೆಯಲು ತಮ್ಮನಿಗೆ ಸಮಿತಿಯ ಅಪ್ಪಣೆ ಬೇಕು. ನಾಳೆ ಕೇಳುತ್ತೇನೆ. ಗುಂಡು ಎಂದು ಬರೆದರೆ ಮುಗಿದ ಜಗಳ ಮತ್ತೆ ಶುರುವಾಗುತ್ತದೆಂದು, ಇದೊಂದು ವಿಷಯದಲ್ಲಿ ಮೇಷ್ಟ್ರೂ ಮೇಡಮ್ಮೂ ಒಂದಾಗಿ ಬೇಡ ಎನ್ನುತ್ತಾರೆ. ಆಗ ನಾನು ಪೆನ್ನನ್ನು ಅತ್ತಿಗೆಯ ಕೈಗೆ ಕೊಡುತ್ತೇನೆ.